ಕಂಪ್ಯೂಟರಿನ ಹೊಟ್ಟೆಗೆ ಬೆಳ್ಳಿ ಬಣ್ಣ

ಯಂತ್ರಕ್ಕೆ ಬಣ್ಣ ಹೊಡೆಯುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕುರ್ಲಾದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಹದಿನಾಲ್ಕು ವರ್ಷ ಸೂಪರ್‌ವೈಸರ್ ಆಗಿದ್ದವನು ನಾನು. ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ ಅಲ್ಲಿಯ ಮೆಷೀನುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆಸಿ, ಬಣ್ಣ ಹೊಡೆಸಿ, ಮದುಮಕ್ಕಳಂತೆ ಸಾಲಾಗಿ ನಿಲ್ಲಿಸುತ್ತಿದ್ದೆ. ಪೂಜೆಯಾದ ಮೇಲೆ ಒಂದು ಸಲ ಸ್ವಿಚ್ ಹಾಕಿ ಓಡಿಸುವುದು ಪದ್ಧತಿ. ಒಂದು ಮೆಷೀನೂ ನನಗೆ ಎದುರಾಡಿದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಕಥೆಯನ್ನು ನನ್ನ ಹೆಂಡತಿ ವಿಮಲಾ ಬೇರೆ ಥರ ಹೇಳುತ್ತಾಳೆ.

ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ವಿಮಲಾ ಎಂ.ಎ.ಗೆ ಸೇರಿದ್ದಳು. ಓದನ್ನು ಅರ್ಧಕ್ಕೆ ಬಿಟ್ಟ ಹೆಂಗಸರ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ. ಅದಕ್ಕಾಗಿ ಧಾರಾವಿಯಿಂದ ಹಿಡಿದು ವಡಾಲದ ನಮ್ಮ ಕಾಲೊನಿಯವರೆಗೆ ಮನೆಮನೆ ಹತ್ತಿಳಿದು, ಅವರು ಹೇಳಿದ್ದನ್ನೆಲ್ಲ ನೋಟ್‌ಬುಕ್ಕುಗಳಲ್ಲಿ ಬರೆದು ತಂದಿದ್ದಳು. ಯಾವುದೋ ಆಫೀಸಿನವರು ಬೇಡವೆಂದು ಮಾರಿದ ಕಂಪ್ಯೂಟರೊಂದನ್ನು ಇದಕ್ಕೆಂದೇ ಮನೆಗೆ ತಂದಿದ್ದೆವು. ಮೊದಲ ಮೂರು ಅಧ್ಯಾಯಗಳ ಪ್ರಿಂಟ್ ತೆಗೆಸಿ ಕಪಾಟಿನಲ್ಲಿಟ್ಟಾಗಿತ್ತು. ನಾಲ್ಕನೆಯದು, ಅಂದರೆ ಕೊನೆಯದು, ಇನ್ನೂ ಕಂಪ್ಯೂಟರಿನ ಹೊಟ್ಟೆಯಲ್ಲೇ ಇತ್ತು. ದಸರೆಯ ಮರುದಿನ ಎಲ್ಲವನ್ನೂ ಒಪ್ಪಿಸಬೇಕು. ತಪ್ಪಿದರೆ ಒಂದು ವರ್ಷ ಹೋದಂತೆಯೇ.

ಆಯುಧಪೂಜೆಯ ಹಿಂದಿನ ದಿನ ಧೂಳು ಒರೆಸೋಣವೆಂದು ಆ ಕಂಪ್ಯೂಟರಿನ ಮುಚ್ಚಳ ತೆಗೆದೆ. ಒಳಗಿನ ತಗಡೆಲ್ಲ ತುಕ್ಕು! ಸಮುದ್ರದ ಗಾಳಿ ಯಾರನ್ನು ಬಿಟ್ಟೀತು?

"ವಿಮಲಾ, ಇದಕ್ಕೊಂದು ಕೋಟ್ ಬಣ್ಣ ಬೇಕು," ಎಂದೆ.

"ರೀ, ಅದನ್ನ ಮುಟ್ಟಬೇಡಿ. ಹಬ್ಬ ಮುಗೀಲಿ, ಆಮೇಲೆ ಬೇಕಾದ್ರೆ ಅದಕ್ಕೆ ಜರತಾರಿ ಸೀರೇನೇ ಉಡಿಸಿ."

"ತುಕ್ಕು ಹಿಡಿದ ಯಂತ್ರಕ್ಕೆ ಯಾರಾದ್ರೂ ಪೂಜೆ ಮಾಡ್ತಾರೇನೆ?"

"ನಾನು ಮಾಡ್ತೀನಿ," ಎಂದು ಹೇಳಿ ಅವಳು ಹೂವು, ಬೂದುಗುಂಬಳಕಾಯಿ ತರಲು ಮಾಟುಂಗಾಕ್ಕೆ ಹೋದಳು.

ಅವಳು ಮೆಟ್ಟಿಲಿಳಿದ ಸದ್ದು ನಿಲ್ಲುವವರೆಗೆ ಕಾದೆ. ನಾನು ಅವಸರದ ಮನುಷ್ಯನಲ್ಲ.

ಒಳಗಿದ್ದ ಹಸಿರು ಬೋರ್ಡುಗಳನ್ನು ಒಂದೊಂದಾಗಿ ಬಿಚ್ಚಿ ಮಂಚದ ಮೇಲೆ ಹಳೆಯ ಪೇಪರ್ ಹಾಸಿ ಮಲಗಿಸಿದೆ. ಯಾವ ವಯರು ಎಲ್ಲಿಂದ ಬಂತೆಂದು ಚಿತ್ರವನ್ನೂ ಬರೆದುಕೊಂಡೆ. ನನ್ನನ್ನು ಬೇಜವಾಬ್ದಾರಿ ಎನ್ನುವವರು ಆ ಚಿತ್ರವನ್ನು ನೋಡಬೇಕು. ಎರಡು ವಸ್ತುಗಳನ್ನು ಮಾತ್ರ ಒಳಗೇ ಬಿಟ್ಟೆ. ಒಂದು ಕರೆಂಟು ಬರುವ ತಗಡಿನ ಡಬ್ಬ. ಅದು ಹೇಗೂ ಮುಚ್ಚಿಯೇ ಇತ್ತು, ಗಾಳಿಯಾಡಲು ನಾಲ್ಕು ತೂತು ಬಿಟ್ಟರೆ. ಇನ್ನೊಂದು ಹಾರ್ಡ್ ಡಿಸ್ಕ್. ಅದರ ಸ್ಕ್ರೂ ಜಪ್ಪಯ್ಯ ಎಂದರೂ ತಿರುಗಲಿಲ್ಲ. ಹಟ ಮಾಡುವವರನ್ನು ಅವರ ಪಾಡಿಗೆ ಬಿಡುವುದು ನನ್ನ ಸ್ವಭಾವ. ಅದರ ಮೇಲೊಂದು ಕರವಸ್ತ್ರ ಹೊದಿಸಿದೆ.

ವರ್ಕ್‌ಶಾಪಿನಲ್ಲಿ ಉಳಿದಿದ್ದ ಅಲ್ಯುಮಿನಿಯಂ ಪೇಂಟು ಮನೆಯಲ್ಲಿತ್ತು. ಹಚ್ಚಿದರೆ ಬೆಳ್ಳಿಯ ಹಾಗೆ ಹೊಳೆಯುವ ಬಣ್ಣ. ಸ್ಪ್ರೇ ಗನ್ ಇರಲಿಲ್ಲ. ಬುದ್ಧಿವಂತನಿಗೆ ಅದೊಂದು ಕೊರತೆಯೇ? ಸೊಳ್ಳೆಗೆ ಔಷಧ ಹೊಡೆಯುವ ಕೈಪಂಪು ಇತ್ತು. ಪೇಂಟಿಗೆ ಥಿನ್ನರ್ ಬೆರೆಸಿ ಅದರಲ್ಲಿ ತುಂಬಿ, ಕಂಪ್ಯೂಟರಿನ ಡಬ್ಬವನ್ನು ಬಾಲ್ಕನಿಗೆ ಒಯ್ದು ಹೊಡೆಯತೊಡಗಿದೆ. ನಾಲ್ಕನೆಯ ನಿಮಿಷಕ್ಕೆ ಗಾಳಿ ತಿರುಗಿತು. ಕರವಸ್ತ್ರ ಹಾರಿ ಹೋಯಿತು. ಬಣ್ಣದ ಮೋಡವೊಂದು ಪಕ್ಕದ ಬಾಲ್ಕನಿಯನ್ನು ಪ್ರವೇಶಿಸಿತು.

ಅಲ್ಲಿ ಧಾರವಾಡ ಕಡೆಯ ಪಾಟೀಲರ ಧೋತರ ಒಣಗುತ್ತಿತ್ತು.

"ಏನ್ರೀ ರಾಯರ, ಇದೇನ್ ನಡಸೀರಿ? ನಾಳೆ ಪೂಜಾಕ್ಕ ಉಡೂ ಧೋತರ ಅದು," ಎಂದರು ಪಾಟೀಲರು.

"ಬೆಳ್ಳಿ ಚುಕ್ಕಿ ಪಾಟೀಲರೇ. ಹಬ್ಬಕ್ಕೆ ಚೆನ್ನಾಗೇ ಇರುತ್ತೆ."

"ಹಂಗಾರ ನೀವಽ ಉಟಗೋರಿ," ಎಂದು ಅದನ್ನು ನಮ್ಮ ಬಾಲ್ಕನಿಗೆ ಎಸೆದರು. ಮರುದಿನ ನಾನು ಅದನ್ನೇ ಉಟ್ಟೆ. ನಾನೇನು ಅಂಜುವವನೇ?

ಮನೆಗೆ ಬಂದ ವಿಮಲಾ ಡಬ್ಬವನ್ನೂ ಧೋತರವನ್ನೂ ನೋಡಿದಳು. ಬೈಯಲಿಲ್ಲ. "ನನ್ನ ಅಧ್ಯಾಯ ಎಲ್ಲಿದೆ?" ಎಂದಷ್ಟೇ ಕೇಳಿದಳು. "ಎಲ್ಲಿತ್ತೋ ಅಲ್ಲೇ ಇದೆ," ಎಂದೆ. ಆದರೆ ಆ ಸಂಜೆ ನನಗೂ ಸ್ವಲ್ಪ ಅಳುಕಿತ್ತು, ಒಪ್ಪಿಕೊಳ್ಳುತ್ತೇನೆ. ಅಕ್ಟೋಬರಿನ ತೇವದ ಸೆಕೆಗೆ ಬಣ್ಣ ಒಣಗುವ ಲಕ್ಷಣವೇ ಇರಲಿಲ್ಲ. ಮುಟ್ಟಿದರೆ ಬೆರಳು ಅಂಟುತ್ತಿತ್ತು. ಬೆಳಿಗ್ಗೆ ಪೂಜೆಗೆ ಹೊತ್ತಾಯಿತೆಂದು ಅಂಟುತ್ತಿದ್ದ ಡಬ್ಬದೊಳಕ್ಕೇ ಬೋರ್ಡುಗಳನ್ನು ಕೂರಿಸಿ ಸ್ಕ್ರೂ ಬಿಗಿದೆ.

ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಮಂಗಳಾರತಿ ಎತ್ತಿದೆವು. ಒಳಗಿನ ಅಂದವನ್ನು ಎಲ್ಲರೂ ನೋಡಲೆಂದು ಮುಚ್ಚಳ ಹಾಕಿರಲಿಲ್ಲ. ಪಾಟೀಲರೂ ಪ್ರಸಾದಕ್ಕೆ ಬಂದಿದ್ದರು. ಪದ್ಧತಿಯ ಪ್ರಕಾರ ನಾನು ಕೈಮುಗಿದು ಸ್ವಿಚ್ ಹಾಕಿದೆ.

ಟಪ್!

ನೀಲಿ ಕಿಡಿಯೊಂದು ಹಾರಿ, ಕರೆಂಟಿನ ಡಬ್ಬದ ತೂತುಗಳಿಂದ ಹೊಗೆ ಬಂತು. ನಮ್ಮ ಮಹಡಿಯ ಅಷ್ಟೂ ಮನೆಗಳ ಫ್ಯಾನುಗಳು ನಿಂತವು. "ಧೂಪ ಛಲೋ ಆತು," ಎಂದರು ಪಾಟೀಲರು.

ಕಂಪ್ಯೂಟರ್ ರಿಪೇರಿಯ ಶೆಟ್ಟರು ಮಧ್ಯಾಹ್ನ ಬಂದರು. ಮಂಗಳೂರಿನವರು, ಮಾತಿನಲ್ಲಿ ಬಹಳ ಸಮಾಧಾನ. ಟಾರ್ಚು ಬಿಟ್ಟು ಒಳಗೆ ನೋಡಿ, ಆಮೇಲೆ ನನ್ನ ಮುಖ ನೋಡಿದರು.

"ಎಂತ ಮಾರಾಯ್ರೆ ಇದು? ಈ ಬಣ್ಣದಲ್ಲಿ ಇರುವುದೇ ಲೋಹದ ಪುಡಿ ಅಲ್ವಾ? ಅದು ಕರೆಂಟ್ ಡಬ್ಬದ ಒಳಗೆ ಹೋಗಿದೆ, ಹಾರ್ಡ್ ಡಿಸ್ಕಿನ ಬೋರ್ಡಿನ ಮೇಲೂ ಬಿದ್ದಿದೆ. ಎಲ್ಲ ಸುಟ್ಟಿದೆ."

"ಅದರೊಳಗೆ ನನ್ನ ಅಧ್ಯಾಯ ಇತ್ತು," ಎಂದಳು ವಿಮಲಾ.

"ಇತ್ತು ಅಂತಲೇ ಹೇಳಬೇಕಷ್ಟೆ ಅಕ್ಕ."

"ಲೇತ್ ಮೆಷೀನಿಗೆ ಇದೇ ಬಣ್ಣ ಹೊಡೆದಿದ್ದೆ, ಏನೂ ಆಗಿರಲಿಲ್ಲ," ಎಂದೆ ನಾನು. ವಿಮಲಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಲ್ಲಿಯ ಸದ್ದನ್ನು ಮಾತ್ರ ತಡೆಯಲಾಗಲಿಲ್ಲ.

ಕೂಡಲೇ ಟೈಪಿಸ್ಟನನ್ನು ಹುಡುಕಿಕೊಂಡು ಹೊರಟೆ. ವಡಾಲ, ಮಾಟುಂಗಾ ಎರಡನ್ನೂ ಸುತ್ತಿದೆ. ಟೈಪಿಂಗ್ ಕ್ಲಾಸುಗಳೆಲ್ಲ ನಮ್ಮ ದಕ್ಷಿಣದವರವೇ. ಹೋದಲ್ಲೆಲ್ಲ ಟೈಪ್‌ರೈಟರುಗಳು ಕುಂಕುಮ ಹಚ್ಚಿಕೊಂಡು, ಹೂ ಮುಡಿದು ಪೂಜೆಗೆ ಕೂತಿದ್ದವು. ಹಬ್ಬ ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ. ಅವರ ಭಕ್ತಿಗೆ ಎದುರಾಡಲು ನನಗೆ ಆ ದಿನ ಯಾವ ನೈತಿಕ ಅಧಿಕಾರವೂ ಇರಲಿಲ್ಲ.

ದುಂಡಗೆ ಬರೆದರೆ ಕೈಬರಹವೂ ನಡೆಯುತ್ತದೆ ಎಂದು ಅವಳ ಗೈಡ್ ಫೋನಿನಲ್ಲಿ ಒಪ್ಪಿದರು. ವಿಮಲಾಳ ಅಕ್ಷರ ಕೋಳಿ ಕಾಲಿನದು. ನನ್ನದು ಮುತ್ತು ಪೋಣಿಸಿದಂತೆ. ಹೀಗೆ ದಸರೆಯ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು ನೋಟ್‌ಬುಕ್ಕು ತೆರೆದು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಅಧ್ಯಾಯದ ಹೆಸರು: ಓದು ನಿಂತುಹೋಗಲು ಕಾರಣಗಳು. ಮದುವೆ. ಬಾಣಂತನ. ಅತ್ತೆಯ ಕಾಯಿಲೆ. ಒಬ್ಬಳ ಪುಸ್ತಕಗಳನ್ನು ಗಂಡ ರದ್ದಿಯವನಿಗೆ ಹಾಕಿದ್ದ. ಎಂಥ ಗಂಡಸರಪ್ಪಾ ಎಂದು ನನಗೆ ಸಿಟ್ಟೇ ಬಂತು. ಹಾಗೆಂದು ಹೇಳಿಯೂಬಿಟ್ಟೆ.

ವಿಮಲಾ ನೋಟ್‌ಬುಕ್ಕು ಮುಚ್ಚಿದಳು. "ಇನ್ನೊಂದು ಕಾರಣ ಇದೆ, ಬರ್ಕೊಳ್ಳಿ," ಎಂದಳು. "ಒಬ್ಬಳ ಗಂಡ, ಬೇಡ ಅಂದರೂ ಕೇಳದೆ, ಪ್ರಬಂಧ ಇದ್ದ ಕಂಪ್ಯೂಟರಿನ ಒಳಗೆ ಸೊಳ್ಳೆ ಪಂಪಿನಿಂದ ಬಣ್ಣ ಹೊಡೆದ."

ಬರೆದೆ. ಮುತ್ತು ಪೋಣಿಸಿದಂತೆಯೇ ಬರೆದೆ.

ಪ್ರಬಂಧ ಸಮಯಕ್ಕೆ ಸೇರಿತು. ಆದರೆ ಆ ಸಾಲಿನ ಪಕ್ಕದಲ್ಲಿ ಪರೀಕ್ಷಕರು ಕೆಂಪು ಶಾಯಿಯಲ್ಲಿ ಪ್ರಶ್ನೆ ಚಿಹ್ನೆ ಹಾಕಿ, ಇದು ನಂಬುವಂಥದ್ದಲ್ಲ, ಆಧಾರ ಒದಗಿಸಿ ಎಂದು ಬರೆದಿದ್ದರು. ಮೌಖಿಕ ಪರೀಕ್ಷೆಯ ದಿನ ವಿಮಲಾ ಆಧಾರವನ್ನು ಕೈಹಿಡಿದು ಕರೆದುಕೊಂಡು ಹೋದಳು.

ನಾನು ತಲೆತಗ್ಗಿಸಲಿಲ್ಲ. ಬಣ್ಣದಲ್ಲಿ ಯಾವ ದೋಷವೂ ಇರಲಿಲ್ಲ, ಗಾಳಿ ತಿರುಗಿದ್ದೇ ಕಾರಣ, ಪ್ಲಾಸ್ಟಿಕ್ ಪೇಂಟು ಬಳಸಿ ಇನ್ನೊಂದು ಸಲ ಮಾಡಿದರೆ ಖಂಡಿತ ಸರಿಹೋಗುತ್ತದೆ ಎಂದು ಪರೀಕ್ಷಕರಿಗೆ ಕೈಯಾಡಿಸಿ ವಿವರಿಸತೊಡಗಿದೆ. ಎರಡು ನಿಮಿಷವೂ ಆಗಿರಲಿಲ್ಲ.

"ಸಾಕು," ಎಂದರು ಅವರು ಪೆನ್ನಿನ ಮುಚ್ಚಳ ತೆಗೆಯುತ್ತ. "ನಂಬಿದೆ."