ಪಾಪು ಹಸುವಿನ ಹಾಲು ಕುಡಿದ ಬಗೆ

ವರ್ಷ ತುಂಬಿದ ಮಗುವಿಗೆ ಡಬ್ಬದ ಹಾಲು ಬಿಡಿಸಿ ಹಸುವಿನ ಹಾಲು ಕುಡಿಸುವುದೂ ಒಂದು ಕೆಲಸವೇ? ನಾನು ಹಾಗೇ ಕೇಳಿದ್ದೆ. ಅದೂ ಡಾಕ್ಟರ ಎದುರಿಗೆ, ಹೆಂಡತಿಯ ಎದುರಿಗೆ, ಎದೆಯುಬ್ಬಿಸಿ!

ಆಗಿನ್ನೂ ರಾಜಾಜಿನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಬಾಡಿಗೆ ಮನೆಯ ಹಿಂದೆ ರಾಗಿ ಹೊಲ, ಮುಂದೆ ಮಣ್ಣಿನ ರಸ್ತೆ. ನಾನು ಸೈಕಲ್ ತುಳಿದು ಸರ್ಕಾರಿ ಕಚೇರಿಗೆ ಹೋಗಿಬರುತ್ತಿದ್ದ ಗುಮಾಸ್ತ. ಮಗಳಿಗೆ ಶಾರದೆ ಎಂದು ಹೆಸರಿಟ್ಟಿದ್ದರೂ ಅವಳು ಎಲ್ಲರಿಗೂ ಪಾಪು. ಬಾಣಂತನದಲ್ಲಿ ನನ್ನ ಹೆಂಡತಿ ಕಮಲಳಿಗೆ ಟೈಫಾಯಿಡ್ ಬಂದು ಎದೆಹಾಲು ಬತ್ತಿಹೋಗಿತ್ತು. ಅಂದಿನಿಂದ ಪಾಪುವನ್ನು ಸಾಕಿದ್ದು ಹಡಗಿನಲ್ಲಿ ಬರುವ ಹಾಲಿನ ಪುಡಿಯ ಡಬ್ಬ. ಅದರ ಮೇಲಿದ್ದ ಗುಂಡುಕೆನ್ನೆಯ ಮಗುವಿನ ಚಿತ್ರವನ್ನು ಕಂಡರೆ ಪಾಪುವಿಗೆ ನನ್ನನ್ನು ಕಂಡದ್ದಕ್ಕಿಂತ ಹೆಚ್ಚು ಸಂತೋಷ!

"ಇನ್ನು ಡಬ್ಬ ಸಾಕು," ಎಂದರು ಡಾಕ್ಟರು. "ಹಸುವಿನ ಹಾಲು ಚೆನ್ನಾಗಿ ಕಾಯಿಸಿ ಕೊಡಿ. ಆದ್ರೆ ಒಂದೇ ಸಲಕ್ಕೆ ಬೇಡ, ಮೊದಲು ಸ್ವಲ್ಪ ಸ್ವಲ್ಪವಾಗಿ..."

"ಅದೇನು ಮಹಾ ಕೆಲಸ ಬಿಡಿ ಡಾಕ್ಟ್ರೇ! ನಾಳೆಯಿಂದಲೇ ಶುರು," ಎಂದು ಸೈಕಲ್ ಹತ್ತಿರ ಹೊರಟೇಬಿಟ್ಟೆ.

ದಾರಿಯಲ್ಲಿ ಕಮಲ ಕ್ಯಾರಿಯರ್ ಮೇಲಿನಿಂದ ಹೇಳಿದಳು: "ರೀ, ಡಾಕ್ಟ್ರು ಇನ್ನೂ ಏನೋ ಹೇಳ್ತಾ ಇದ್ರು."

"ಹಾಲು ಕುಡಿಸೋದರಲ್ಲಿ ಹೇಳೋಕೇನಿದೆ ಕಣೇ? ಬಾಯಿ ಇದೆ, ಹಾಲಿದೆ!"

ಮಾರನೆಯ ಬೆಳಿಗ್ಗೆ ಕಾರ್ಯಾಚರಣೆ ಆರಂಭವಾಯಿತು. ಕೇತಮಾರನಹಳ್ಳಿಯಿಂದ ಮುನಿಯಮ್ಮ ತನ್ನ ಹಸು ಚೆನ್ನಿಯನ್ನು ಹೊಡೆದುಕೊಂಡು ಬಂದು ಮನೆಬಾಗಿಲಲ್ಲೇ ಹಾಲು ಕರೆದುಕೊಟ್ಟಳು. ಕಮಲ ಅದನ್ನು ಕಾಯಿಸಿ ಆರಿಸಿ ಒಳಲೆಯ ಪುಟ್ಟ ಬಟ್ಟಲಿಗೆ ತುಂಬಿದಳು. ನಾನು ಪಾಪುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಳಲೆಯ ಮೂತಿಯನ್ನು ಬಾಯಿಗಿಟ್ಟೆ. ಪಾಪು ಹಾಲನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡಳು. ನನ್ನ ಮುಖವನ್ನು ನೋಡಿದಳು. ಆಮೇಲೆ ಫುರ್ರ್ ಎಂದು ಉಗಿದಳು.

ಇಸ್ತ್ರಿ ಮಾಡಿದ್ದ ಕೋಟು ಹೋಯಿತು!

ಸೋಲನ್ನು ಒಪ್ಪುವ ಜಾಯಮಾನ ನನ್ನದಲ್ಲ. ಇದಕ್ಕೆ ರುಚಿಯೇ ಕಾರಣ ಎಂದು ತೀರ್ಮಾನಿಸಿ, ಸಂಜೆ ಹಾಲಿಗೆ ಸಕ್ಕರೆ ಹಾಕಿದೆ. ಉಗಿದಳು. ಏಲಕ್ಕಿ ಹಾಕಿದೆ. ಉಗಿದಳು. ಕೇಸರಿ ಹಾಕಿ, ಬಾದಾಮಿ ಅರೆದು ಬೆರೆಸಿದೆ.

"ಇದು ಮಗುವಿಗೋ, ಬೀಗರಿಗೋ?" ಎಂದಳು ಕಮಲ.

ಪಾಪು ಬಾಯನ್ನೇ ತೆರೆಯಲಿಲ್ಲ. ಅಷ್ಟು ಹಾಲನ್ನು ಚೆಲ್ಲಲು ಮನಸ್ಸಾಗದೆ ನಾನೇ ಕುಡಿದೆ. ಬಹಳ ಚೆನ್ನಾಗಿತ್ತು.

ಮುಂದಿನ ಯೋಚನೆ ಇನ್ನೂ ಘನವಾದದ್ದು. ಮಗುವಿಗೆ ಹಾಲು ಕುಡಿಸಿ ಅಭ್ಯಾಸವಿರುವುದು ತಾಯಿಗೆ. ಆದರೆ ತಾಯಿ ಕುಡಿಸಿದರೆ ಮಗು ಡಬ್ಬದ ಹಾಲನ್ನೇ ನಿರೀಕ್ಷಿಸುತ್ತದೆ. ಆದ್ದರಿಂದ ಕುಡಿಸುವವರು ತಾಯಿಯಂತೆ ಕಾಣಬೇಕು, ಆದರೆ ತಾಯಿಯಾಗಿರಬಾರದು! ಈ ತರ್ಕ ಈಗ ನನಗೂ ಪೂರ್ತಿ ಅರ್ಥವಾಗುವುದಿಲ್ಲ. ಆಗ ಮಾತ್ರ ಸ್ಫಟಿಕದಷ್ಟು ಸ್ಪಷ್ಟವಾಗಿತ್ತು. ಕಮಲಳ ಹಸಿರು ಸೀರೆಯನ್ನು ಸುತ್ತಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಒಳಲೆ ಹಿಡಿದು ಪಾಪುವಿನ ಮುಂದೆ ಕುಳಿತೆ.

ಪಾಪು ನನ್ನ ಮೀಸೆ ನೋಡಿ ಕಿಟಾರನೆ ಕಿರುಚಿದಳು. ಅದೇ ಹೊತ್ತಿಗೆ ಪಕ್ಕದ ಮನೆಯ ಶೇಷಗಿರಿರಾಯರು ಎರಡು ನಿಂಬೆಹಣ್ಣು ಕೇಳಲು ಒಳಗೆ ಬಂದರು. ನನ್ನನ್ನು ನೋಡಿದರು. ಪಾಪ, ಸಭ್ಯಸ್ಥರು.

"ಏನಿಲ್ಲ ಬಿಡೀಮ್ಮಾ, ಆಮೇಲೆ ಬರ್ತೀನಿ," ಎಂದು ಹಿಂದಕ್ಕೆ ಹೆಜ್ಜೆಯಿಟ್ಟರು. ಹೋಗುತ್ತಾ ಬಾಗಿಲನ್ನೂ ಮುಚ್ಚಿಕೊಂಡು ಹೋದರು!

ಇಲ್ಲಿಯವರೆಗೆ ನಗಬಹುದಿತ್ತು. ಆದರೆ ಡಬ್ಬದ ತಳ ಕಾಣತೊಡಗಿತು. ಚಿಕ್ಕಪೇಟೆಯ ಅಂಗಡಿಗೆ ಹೋದರೆ, "ಮಾಲೇ ಬಂದಿಲ್ಲ ಸಾರ್. ಹಡಗು ಯಾವಾಗ ಬರುತ್ತೋ ನಮಗೇ ಗೊತ್ತಿಲ್ಲ," ಎಂದರು. ಅವೆನ್ಯೂ ರಸ್ತೆಯಲ್ಲೂ ಇಲ್ಲ, ಮಲ್ಲೇಶ್ವರದಲ್ಲೂ ಇಲ್ಲ. ಪಾಪು ರಾಗಿ ಸರಿಯನ್ನು ಒಂದೆರಡು ತುತ್ತು ತಿಂದು ಮುಖ ತಿರುಗಿಸುತ್ತಿದ್ದಳು. ಕೆನ್ನೆ ಇಳಿಯಿತು. ಆಟ ಕಡಿಮೆಯಾಯಿತು. ಮನೆಗೆ ಬಂದಾಗ ಕಮಲ ಖಾಲಿ ಡಬ್ಬವನ್ನು ಚಮಚದಲ್ಲಿ ಕೆರೆಯುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಮಗು ಸೊರಗ್ತಾ ಇದೆ ಕಣ್ರೀ. ನಿಮಗೆ ಎಲ್ಲಾ ಆಟ."

ಕಾಫಿಯನ್ನೂ ಕುಡಿಯದೆ ಜಗಲಿಯ ಮೇಲೆ ಕುಳಿತು ಯೋಚಿಸಿದೆ. ಮಗು ತಪ್ಪು ಮಾಡುವುದಿಲ್ಲ. ತಂದೆಯೂ ತಪ್ಪು ಮಾಡಿಲ್ಲ. ಹಾಗಾದರೆ ತಪ್ಪು ಹಾಲಿನದ್ದೇ!

ಅಷ್ಟರಲ್ಲಿ ಮುನಿಯಮ್ಮ ಸಂಜೆಯ ಹಾಲಿಗೆ ಚೆನ್ನಿಯನ್ನು ಹೊಡೆದುಕೊಂಡು ಬಂದಳು. ಪಾಪುವಿಗೆ ಹಸುವೆಂದರೆ ಇಷ್ಟ. ಅದನ್ನು ತೋರಿಸುತ್ತಾ ಒಂದು ಗುಟುಕಾದರೂ ಕುಡಿಸೋಣವೆಂದು ಕಮಲ ಬೆಳಗ್ಗೆ ಕಾಯಿಸಿಟ್ಟಿದ್ದ ಹಾಲನ್ನು ಒಳಲೆಯಲ್ಲಿ ತುಂಬಿಕೊಂಡು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲಿಗೆ ಬಂದಳು. ನಾನು ಮುನಿಯಮ್ಮನ ಚೊಂಬನ್ನು ಕಿತ್ತುಕೊಂಡು ಬಗ್ಗಿಸಿ ನೋಡಿದೆ. ಮೂಸಿದೆ. ಬೆಳಕಿಗೆ ಹಿಡಿದೆ.

"ಏನ್ ಸಾಮಿ, ನೀರು ಇಕ್ಕಿವ್ನಿ ಅಂತ ನೋಡ್ತೀರಾ?" ಎಂದಳು ಮುನಿಯಮ್ಮ. ಅವಳ ಮೂಗು ಕೆಂಪಾಯಿತು.

"ಹಾಗಲ್ಲಮ್ಮ. ಆದರೆ ಈ ಹಾಲಿನಲ್ಲಿ ಏನೋ ಇದೆ. ಇವತ್ತು ನಾನೇ ಕರೀತೀನಿ."

"ಚೆನ್ನಿ ವೊಸಬ್ರು ಕೈ ಮುಟ್ಟುಸ್ಕೊಳಾಕಿಲ್ಲ ಸಾಮಿ."

"ನಾನೇನು ಹೊಸಬನೇ? ದಿನಾ ನೋಡುತ್ತೆ ನನ್ನ!"

"ರೀ, ಬೇಡಾರೀ," ಎಂದಳು ಕಮಲ.

ಪಂಚೆಯನ್ನು ಎತ್ತಿ ಕಟ್ಟಿದೆ. ಮುನಿಯಮ್ಮ ಮಾಡುವಂತೆಯೇ ಕುಕ್ಕರಗಾಲಿನಲ್ಲಿ ಕುಳಿತು ಚೊಂಬನ್ನು ಮಂಡಿಗಳ ನಡುವೆ ಇಟ್ಟುಕೊಂಡೆ. ಮೊಲೆ ಹಿಡಿದು ಎಳೆದೆ. ಏನೂ ಬರಲಿಲ್ಲ. ಮತ್ತೆ ಎಳೆದೆ. ಚೆನ್ನಿ ಕತ್ತು ತಿರುಗಿಸಿ ನನ್ನನ್ನು ದೀರ್ಘವಾಗಿ ನೋಡಿತು. ನಮ್ಮ ಸೂಪರಿಂಟೆಂಡೆಂಟರು ನನ್ನ ಫೈಲನ್ನು ನೋಡುವುದು ಹೀಗೆಯೇ. ಎಚ್ಚೆತ್ತುಕೊಳ್ಳಬೇಕಾಗಿತ್ತು. ಎಚ್ಚೆತ್ತುಕೊಳ್ಳಲಿಲ್ಲ. ಮೂರನೆಯ ಸಲ ಬಲವಾಗಿ ಎಳೆದೆ.

ಮೊದಲು ಬಾಲ ಮುಖಕ್ಕೆ ಬಡಿಯಿತು. ಆಮೇಲೆ ಕಾಲು ಬಂತು.

ನಾನು ಹಿಂದಕ್ಕೆ ಹಾರಿ, ಚೆನ್ನಿ ಆಗತಾನೆ ಹಾಕಿದ್ದ ಸೆಗಣಿಯ ಮೇಲೆ ಅಂಗಾತ ಬಿದ್ದೆ. ಕಾಲೆರಡೂ ಆಕಾಶ ನೋಡಿದವು. ಚೊಂಬು ಮೇಲಕ್ಕೆ ಹಾರಿ, ಯೋಚಿಸಿ, ನನ್ನ ಹೊಟ್ಟೆಯ ಮೇಲೆಯೇ ಇಳಿಯಿತು.

ಆಗ ಕೇಳಿಸಿತು ಒಂದು ನಗು. ಪಾಪು! ಎಷ್ಟೋ ದಿನಗಳಿಂದ ಮಂಕಾಗಿದ್ದ ಮಗು ಹೊಟ್ಟೆ ಕುಲುಕಿಸಿ, ಇದ್ದ ನಾಲ್ಕು ಹಲ್ಲನ್ನೂ ತೋರಿಸಿ, ಕೇಕೆ ಹಾಕಿ ನಗುತ್ತಿತ್ತು. ನಗು ನಿಂತ ಮೇಲೂ ಬಾಯಿ ತೆರೆದೇ ಇತ್ತು. ಕಮಲ ಆ ಬಾಯಿಗೆ ಒಳಲೆಯ ಮೂತಿ ಇಟ್ಟಳು.

ಗುಟುಕ್!

ಉಗಿಯಲಿಲ್ಲ! ಪಾಪು ತುಟಿ ಚಪ್ಪರಿಸಿದಳು. ಕಮಲಳ ಕಣ್ಣು ಅರಳಿತು. ಇನ್ನೊಮ್ಮೆ ಒಳಲೆ ಹಿಡಿದರೆ ಪಾಪು ಬಾಯಿ ಮುಚ್ಚಿ, ನನ್ನ ಕಡೆ ಬೆರಳು ತೋರಿಸಿ "ಆ! ಆ!" ಎಂದಳು. ನಾನು ಬಟ್ಟೆ ಒರೆಸಿಕೊಂಡು ಆಗತಾನೆ ಎದ್ದು ನಿಂತಿದ್ದೆ.

"ರೀ," ಎಂದಳು ಕಮಲ, ಉಸಿರು ಬಿಗಿಹಿಡಿದು. "ಇನ್ನೊಂದ್ಸಲ ಬೀಳ್ರೀ!"

"ಏನಂದೆ?"

"ಬೇಗ ಬೀಳ್ರೀ! ಮಗು ಕಾಯ್ತಾ ಇದೆ!"

ಬಿದ್ದೆ. ಪಾಪು ನಕ್ಕಳು. ನಕ್ಕು ಮುಗಿಸಿ ಕುಡಿದಳು. ಮತ್ತೆ ಬಿದ್ದೆ, ಮತ್ತೆ ಕುಡಿದಳು. ಮುನಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಚೆನ್ನಿಯ ಬೆನ್ನಿಗೆ ಒರಗಿದ್ದಳು. ಶೇಷಗಿರಿರಾಯರು ಕಾಂಪೌಂಡಿನ ಮೇಲಿನಿಂದ, "ಎಡಗಡೆ ಬೀಳಿ, ಅಲ್ಲಿ ಹುಲ್ಲಿದೆ!" ಎಂದು ಸಲಹೆ ಕೊಟ್ಟರು. ಒಳಲೆ ಬರಿದಾಯಿತು. ಕಮಲ ಅದನ್ನು ತಲೆಕೆಳಗಾಗಿ ಹಿಡಿದು ಇಡೀ ಬೀದಿಗೆ ತೋರಿಸಿದಳು. ಅವಳ ಕೆನ್ನೆಯ ಮೇಲೆ ಕಣ್ಣೀರಿತ್ತು, ಆದರೆ ಇದು ಬೇರೆ ಜಾತಿಯದು. ಸೆಗಣಿ ಮೆತ್ತಿದ ಪಂಚೆಯಲ್ಲಿ ನಾನು ದಂಡಯಾತ್ರೆ ಮುಗಿಸಿದ ಮಹಾರಾಜನಂತೆ ನಿಂತಿದ್ದೆ!

ಅಂದಿನಿಂದ ಬೆಳಿಗ್ಗೆ ಸಂಜೆ ಬೀಳುವುದು ನನ್ನ ದಿನಚರಿಯಾಯಿತು. ನೇರವಾಗಿ ಬಿದ್ದೆ, ಓರೆಯಾಗಿ ಬಿದ್ದೆ, ಕೊಡೆ ಹಿಡಿದು ಬಿದ್ದೆ. ಒಂದೇ ರೀತಿ ಎರಡು ದಿನ ಬಿದ್ದರೆ ಪಾಪುವಿಗೆ ಬೇಸರ! ನಿಧಾನವಾಗಿ ಹಾಲಿನ ರುಚಿಯೇ ಹಿಡಿಯಿತು. ಒಂದು ಬೆಳಿಗ್ಗೆ ನಾನು ಬೀಳಲು ಸಿದ್ಧನಾಗಿ ನಿಂತಿದ್ದರೆ, ಪಾಪು ನನ್ನ ಕಡೆ ತಿರುಗಿಯೂ ನೋಡದೆ ಒಳಲೆಯನ್ನು ಎರಡು ಕೈಯಲ್ಲಿ ಹಿಡಿದು ಗಟಗಟ ಕುಡಿದಳು. ಕೆನ್ನೆ ತುಂಬಿತು. ಡಾಕ್ಟರು ತೂಗಿ ನೋಡಿ, "ಭೇಷ್! ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಿದ್ರಾ?" ಎಂದರು.

"ಹೌದು," ಎಂದಳು ಕಮಲ. "ಇವರು ಸ್ವಲ್ಪ ಸ್ವಲ್ಪವಾಗಿ ಬಿದ್ರು."

ಗೆಲುವು ತಲೆಗೇರಿದರೆ ನಾಲಗೆ ನಿಲ್ಲುವುದಿಲ್ಲ. ಕಚೇರಿಯಲ್ಲಿ ಎಲ್ಲರ ಮುಂದೆ ಹೇಳಿದೆ: "ಎಂಥ ಹಟಮಾರಿ ಮಗುವಿಗಾದರೂ ಹಸುವಿನ ಹಾಲು ಕುಡಿಸುವ ಒಂದು ವಿಧಾನವನ್ನು ನಾನು ಕಂಡುಹಿಡಿದಿದ್ದೇನೆ. ಸಂಪೂರ್ಣ ಸ್ವಂತದ್ದು." ವಿಧಾನ ಯಾವುದೆಂದು ಮಾತ್ರ ಹೇಳಲಿಲ್ಲ. ಸುದ್ದಿ ಸೂಪರಿಂಟೆಂಡೆಂಟರ ಕೋಣೆಗೆ ಮುಟ್ಟಿತು. ಕರೆ ಬಂತು.

"ನಮ್ಮ ಮೊಮ್ಮಗನೂ ಡಬ್ಬದ ಹಾಲು ಬಿಟ್ಟು ಬೇರೆ ಮುಟ್ಟಲ್ಲ ಕಣ್ರೀ. ಭಾನುವಾರ ಬೆಳಿಗ್ಗೆ ನಮ್ಮನೆಗೆ ಬಂದು ನಿಮ್ಮ ವಿಧಾನ ತೋರಿಸಿ."

ಹತ್ತು ವರ್ಷ ಅದೇ ಮೇಜಿನ ಮುಂದೆ ಕೂತವನಿಗೆ ಬಡ್ತಿಯ ವಾಸನೆ ಬಡಿಯಿತು. ಕೋಟು ತೊಟ್ಟು, ಪೇಟ ಸುತ್ತಿ ಹೋದೆ. ಅವರ ನಡುಮನೆಯಲ್ಲಿ ಇಡೀ ಸಂಸಾರ ಕುರ್ಚಿ ಹಾಕಿಕೊಂಡು ಕುಳಿತಿತ್ತು. ಮೊಮ್ಮಗ ಅಜ್ಜಿಯ ತೊಡೆಯ ಮೇಲಿದ್ದ.

"ಶುರು ಮಾಡಿ," ಎಂದರು ಸೂಪರಿಂಟೆಂಡೆಂಟರು.

ದೇವರನ್ನು ನೆನೆದು ಬಿದ್ದೆ. ಅಜ್ಜಿ "ಅಯ್ಯೋ, ನೀರು ತಗೊಂಡ್ ಬನ್ರೇ!" ಎಂದು ಕೂಗಿದರು. ಎದ್ದು ಮತ್ತೆ ಬಿದ್ದೆ. ಈ ಸಲ ಪೇಟ ಕಳಚಿ ಉರುಳುತ್ತಾ ಸಾಹೇಬರ ಕಾಲ ಬಳಿ ಹೋಗಿ ನಿಂತಿತು. ಮೊಮ್ಮಗ ಕಿಲಕಿಲ ನಕ್ಕ. ಕುಡಿದ!

ಸೂಪರಿಂಟೆಂಡೆಂಟರು ಎದ್ದುಬಂದು, ಪೇಟವನ್ನು ಕೈಗೆ ಕೊಟ್ಟು, ಬೆನ್ನು ತಟ್ಟಿದರು. ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ನನಗೆ ಬಂದ ಮೊದಲ ಮೆಚ್ಚುಗೆ ಅದು.

"ಚೆನ್ನಾಗಿ ಬೀಳ್ತೀರಿ ಕಣ್ರೀ! ಈ ಶ್ರದ್ಧೆ ಕಚೇರಿ ಕೆಲಸದಲ್ಲೂ ಇರಬೇಕಾಗಿತ್ತು."

ಮನೆಯಲ್ಲಿ ಕಮಲ ಬಾಗಿಲಲ್ಲೇ ಕಾದಿದ್ದಳು.

"ಏನಂದ್ರು? ಬಡ್ತಿ ವಿಷಯ ಏನಾದ್ರೂ...?"

"ಸಂಜೆ ಹಾಲಿಗೂ ಬರೋಕೆ ಹೇಳಿದಾರೆ," ಎಂದೆ.

ಹೋದೆ. ಬಿದ್ದೆ. ಬಂದೆ.