ಪೆನ್ನಿನ ಹಿಂದೆ ಓಡುವ ಕಣ್ಣು

ಎದುರಿಗೆ ಯಾರು ಕೂತರೂ ಅವರ ಕಣ್ಣನ್ನೇ ನೋಡುವ ರೋಗ ಅಂಟಿದ ಮೇಲೆ ನನಗೆ ದಿನಕ್ಕೊಂದು ಎಡವಟ್ಟು ತಪ್ಪಿದ್ದಲ್ಲ. ಬಿಡದಿಯ ಒಂದು ಕಾರ್ಖಾನೆಯಲ್ಲಿ ನಾನು ನರ್ಸ್. ಬೆಳಿಗ್ಗೆ ವ್ಯಾನ್ ಡ್ರೈವರುಗಳ ಮುಖದ ಮುಂದೆ ಪೆನ್ನು ಆಡಿಸುವುದು ಮೊದಲ ಕೆಲಸ. ಕುಡಿಯದವರ ಕಣ್ಣು ಪೆನ್ನಿನ ಹಿಂದೆ ನುಣ್ಣಗೆ ಜಾರುತ್ತದೆ. ಒಂದಿಷ್ಟು ಒಳಗೆ ಹೋಗಿದ್ದರೆ ಹಿಂದೆ ಬಿದ್ದು, ಕುಪ್ಪಳಿಸಿಕೊಂಡು ಬರುತ್ತದೆ.

1. ಎಮ್ಮೆಗೆ ಸಾಕು

ಒಬ್ಬ ಡ್ರೈವರನ ಕಣ್ಣು ಕುಪ್ಪಳಿಸಿತು. “ಕುಡಿದಿದ್ದೀರಾ?” ಅಂದೆ.

“ರಾತ್ರಿದು ಮೇಡಮ್, ಒಸಿ ಉಳ್ಕಂಡೈತೆ.”

“ಪೆನ್ನನ್ನೇ ಹಿಂಬಾಲಿಸದ ಕಣ್ಣು ರಸ್ತೆ ನೋಡುತ್ತಾ?”

“ರೋಡಲ್ಲಿ ಪೆನ್ನು ಅಡ್ಡ ಬರಕಿಲ್ಲ ಮೇಡಮ್, ಎಮ್ಮೆ ಬತ್ತವೆ. ಎಮ್ಮೆ ನಿಮ್ಮಷ್ಟು ಅರ್ಜೆಂಟ್ ಮಾಡಕಿಲ್ಲ.”

2. ಬಸ್ಸಿನಲ್ಲಿ

ಸಂಜೆ ರಾಮನಗರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಅಜ್ಜಿಯ ಕಣ್ಣು ಟಕಟಕ ಕುಣಿಯುತ್ತಿತ್ತು. ಹಿಂದಿನ ಸೀಟಿನವರದೂ ಹಾಗೇ. ಇಡೀ ಬಸ್ಸೇ ಕುಡಿದಿದೆಯಾ ಅನ್ನಿಸಿತು. ಓಡುವ ಬಸ್ಸಿನಿಂದ ಕಂಬ, ಮರ ನೋಡುವವರ ಕಣ್ಣು ಕುಡಿಯದಿದ್ದರೂ ಕುಪ್ಪಳಿಸುತ್ತದೆ ಅಂತ ಹೊಳೆಯುವ ಮೊದಲೇ ಕೇಳಿಬಿಟ್ಟಿದ್ದೆ: “ಅಜ್ಜಿ, ಕಣ್ಣು ಯಾಕೆ ಹೀಗೆ ಕುಣೀತಿದೆ?”

“ಬಸ್ಸೇ ಕುಣೀತೈತಲ್ಲವ್ವ, ಕಣ್ಣೊಂದು ಸುಮ್ಕೆ ಕುಂತ್ಕಂಡಿರಕ್ಕಾಯ್ತದಾ?”

3. ಹುಡುಗ ಬಂದ ಭಾನುವಾರ

ಕುಡಿಯುವವನಿಗೆ ಮಗಳನ್ನು ಕೊಡುವುದಿಲ್ಲ ಅಂತ ಹಟ ಹಿಡಿದು ಅಪ್ಪ ಎರಡು ಸಂಬಂಧ ಬಿಟ್ಟಿದ್ದ. ಮೂರನೆಯವನು ಕನಕಪುರದ ಕಡೆಯವನು, ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಫೋಟೋದಲ್ಲೇ ನನಗೆ ಇಷ್ಟವಾಗಿದ್ದ. ಇದೂ ತಪ್ಪಿಹೋದರೆ ಅಂತ ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗಿರಲಿಲ್ಲ.

ಮಾತಾಡಿಕೊಳ್ಳಿ ಅಂತ ನಮ್ಮಿಬ್ಬರನ್ನೂ ಮಹಡಿ ಕೋಣೆಗೆ ಕಳಿಸಿದರು. ಅಭ್ಯಾಸಬಲ, ಕೈ ತಾನಾಗೇ ಕಿಟಕಿಯಲ್ಲಿದ್ದ ಪೆನ್ನು ಎತ್ತಿಕೊಂಡಿತು. “ಇದನ್ನ ಒಸಿ ನೋಡಿ” ಅಂದೆ. ಅವನ ಕಣ್ಣು ಕುಪ್ಪಳಿಸಿತು. ನನಗೆ ಅಳುವೇ ಬಂತು.

“ಕುಡಿದಿದ್ದೀರಾ?”

“ಅಯ್ಯೋ, ನಾನು ಬ್ಯಾಡ ಅಂದೆ ಕಣ್ರೀ. ಹಸ ತೋರಿಸ್ತೀನಿ ಬಾ ಅಂತ ಕೊಟ್ಟಿಗೇಗೆ ಕರ್ಕಂಡೋಗಿ, ಹಿರೀಕರು ಕೊಟ್ರೆ ಬ್ಯಾಡ ಅನ್ಬಾರ್ದು ಅಂತ ನಿಮ್ಮಪ್ಪಾರೇ ಕುಡಿಸ್ಬುಟ್ರು!”

ದಡದಡ ಇಳಿದು ಕೊಟ್ಟಿಗೆಗೆ ಹೋದೆ. “ಅಪ್ಪಾ, ಆ ಹುಡುಗಂಗೆ ಕುಡಿಸ್ದಾ?”

“ಪರೀಕ್ಷೆ ಮಾಡ್ದೆ ಕಣವ್ವ. ಎರಡು ಸಲ ಬ್ಯಾಡ ಅಂದ. ಒಳ್ಳೆ ಹುಡುಗ.”

“ಅಷ್ಟಕ್ಕೇ ಬಿಡೋದಲ್ವಾ?”

“ಲೋಟಕ್ಕೆ ಬಗ್ಗಿಸ್ಬುಟ್ಟಿದ್ದೆ, ಚೆಲ್ಲಕ್ಕಾಯ್ತದಾ?”

“ಮತ್ತೆ ನೀನೆಷ್ಟು ಕುಡ್ದೆ?” ಅಂತ ಪೆನ್ನು ಎತ್ತಿದೆ.

ಅಪ್ಪ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. “ಹುಡುಗ ನಂಗೆ ಒಪ್ಪಿಗೆ ಕಣವ್ವ, ಇವತ್ತೇ ಮಾತು ಮುಗಿಸ್ಬುಡ್ತೀನಿ. ನಿಮ್ಮವ್ವನ ಮುಂದೆ ಮಾತ್ರ ಆ ಪೆನ್ನು ತೆಗೀಬ್ಯಾಡ!”