ರಾಹುಕಾಲದಲ್ಲಿ ಅಧ್ಯಕ್ಷರ ಚರ್ಚೆ

ಯಾರಿಗಾದರೂ ಉಪಕಾರ ಮಾಡೋಣವೆಂದು ನಾನು ಹೊರಟಾಗಲೆಲ್ಲ ಏನಾದರೊಂದು ಎಡವಟ್ಟಾಗುವುದು ತಪ್ಪಿದ್ದಿಲ್ಲ. ಹಳ್ಳಿಯ ಗುಡಿಯ ಜಗಲಿಯ ಮೇಲೆ ಅಕ್ಷರ ಕಲಿತವನು ನಾನು. ಮೈಸೂರಿಗೆ ಬಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ, ಒಂಟಿಕೊಪ್ಪಲಿನಲ್ಲಿ ಸಂಸಾರ ಹೂಡಿದೆ. ದೇವರ ದಯೆಯಿಂದ ಕಾಲ ಚೆನ್ನಾಗಿಯೇ ಕಳೆಯಿತು. ಆ ದಿನಗಳಲ್ಲಿ ಒಂದು ಚುನಾವಣೆಯ ಸುತ್ತ ನಡೆದ ನಾಲ್ಕು ಪ್ರಸಂಗಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಓದುವವರು ಧಾರಾಳವಾಗಿ ನಗಬಹುದು. ನನಗೆ ಮಾತ್ರ ಇವತ್ತಿಗೂ ನಗು ಅರ್ಧಕ್ಕೇ ನಿಂತುಬಿಡುತ್ತದೆ.

ಅಮೆರಿಕದ ಪದ್ಧತಿ

ನಮ್ಮ ಬೀದಿಯ ಕೊನೆಯಲ್ಲಿ ಹೆಂಚಿನ ಮಾಡಿನ ಒಂದು ವಾಚನಾಲಯವಿತ್ತು. ಎರಡು ಬೆಂಚು, ಒಂದು ಮೇಜು, ಮೂರು ಪತ್ರಿಕೆ, ಒಂದು ಬೀರು ತುಂಬ ಪುಸ್ತಕ. ಅದರ ಸಂಘಕ್ಕೆ ಅಧ್ಯಕ್ಷರನ್ನು ಆರಿಸುವ ಕೆಲಸ ಯಾವಾಗಲೂ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ಆ ವರ್ಷ ಮಾತ್ರ ಇಬ್ಬರು ನಿಂತರು. ಒಬ್ಬರು ನಮ್ಮ ಪಕ್ಕದ ಮನೆಯ ನಿವೃತ್ತ ಹೈಸ್ಕೂಲು ಮೇಷ್ಟ್ರು. ಇನ್ನೊಬ್ಬರು ದೇವರಾಜ ಮೊಹಲ್ಲಾದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸಾಹುಕಾರರು. ಅವರ ಮನೆಯೂ ನಮ್ಮ ಬೀದಿಯಲ್ಲೇ.

ಸಾಹುಕಾರರಿಗೆ ಅಧ್ಯಕ್ಷರೆನಿಸಿಕೊಳ್ಳುವ ಆಸೆ ಇತ್ತು, ಅಷ್ಟೇ. ಮೇಷ್ಟ್ರಿಗೆ ಬೇರೊಂದು ಕಾರಣವಿತ್ತು. ಅವರ ಮನೆಯವರು ಮದುವೆಯಾದ ಮೇಲೆ ಗಂಡನಿಂದಲೇ ಅಕ್ಷರ ಕಲಿತವರು. ಅಂಗಡಿಯಿಂದ ಬೇಳೆ ಕಟ್ಟಿ ಬಂದ ಕಾಗದವನ್ನು ಬಿಚ್ಚಿ, ಕೈಯಲ್ಲಿ ನೀವಿ, ಓದುತ್ತ ಕೂರುತ್ತಿದ್ದರು. ಕಥೆ ಅರ್ಧಕ್ಕೆ ಹರಿದಿದ್ದರೆ, ಮಿಕ್ಕದ್ದು ಯಾರ ಮನೆಯ ಉಪ್ಪಿಗೆ ಹೋಯಿತೋ ಎಂದು ಪೇಚಾಡುತ್ತಿದ್ದರು. ವಾಚನಾಲಯಕ್ಕೆ ಹೆಂಗಸರು ಕಾಲಿಡುವ ರೂಢಿ ಇರಲಿಲ್ಲ. ಗಂಡಸರೆಲ್ಲ ಕಚೇರಿಗೆ ಹೋಗಿರುವಾಗ, ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಎರಡೆರಡು ಗಂಟೆ ಹೆಂಗಸರಿಗಾಗಿ ಬಾಗಿಲು ತೆರೆಸಬೇಕೆಂಬುದು ಮೇಷ್ಟ್ರ ಹಂಬಲ.

ಅಷ್ಟರಲ್ಲಿ ನಮ್ಮ ಸಂಘದ ಕಾರ್ಯದರ್ಶಿಗಳು ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದರು. ಅಮೆರಿಕದಲ್ಲಿ ಅಧ್ಯಕ್ಷ ಪದವಿಗೆ ನಿಂತ ಇಬ್ಬರೂ ಒಂದೇ ವೇದಿಕೆಯ ಮೇಲೆ ನಿಂತು ವಾದ ಮಾಡುತ್ತಾರಂತೆ. ಅದಕ್ಕೆ ವಾರಗಟ್ಟಲೆ ತಾಲೀಮು ನಡೆಸುತ್ತಾರಂತೆ. ನಮ್ಮಲ್ಲೂ ಹಾಗೇ ಆಗಬೇಕೆಂದು ಹಟ ಹಿಡಿದು, ಭಾನುವಾರ ಸಂಜೆ ಐದಕ್ಕೆ ಚರ್ಚೆ, ಅದು ಮುಗಿದ ಕೂಡಲೇ ಓಟು ಎಂದು ಗೊತ್ತುಮಾಡಿದರು.

ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ನಾನು ಹೋಗಿ ವಿನಯದಿಂದಲೇ ಅರಿಕೆ ಮಾಡಿಕೊಂಡೆ. ಅವರು ಕನ್ನಡಕ ತೆಗೆದು, "ಅಮೆರಿಕದವರು ರಾಹುಕಾಲ ನೋಡ್ತಾರೇನ್ರೀ?" ಎಂದರು.

"ನೋಡದೆ ಇದ್ದದ್ದಕ್ಕೇ ಅಲ್ಲವೇ, ನಿಂತ ಇಬ್ಬರಲ್ಲಿ ಒಬ್ಬರು ಸೋತದ್ದು" ಎಂದೆ ನಾನು. ತಮಾಷೆಗೆ ಹೇಳಿದ್ದಲ್ಲ.

ಸಾಹುಕಾರರ ತಾಲೀಮು

ಸಾಹುಕಾರರು ತಮ್ಮ ತಾಲೀಮನ್ನು ಅಂಗಡಿಯಲ್ಲೇ ನಡೆಸಿದರು. ಬೆಳಿಗ್ಗೆ ಎದ್ದು ಗಂಟಲಿಗೆ ಮೆಣಸು ಬೆರೆಸಿದ ಜೇನು; ಆಮೇಲೆ ಅಂಗಡಿಯ ಹಾಸಿನ ಮೇಲೆ ಕೂತು, ಬಂದ ಗಿರಾಕಿಗಳಿಗೆಲ್ಲ ಭಾಷಣ. ಭಾಷಣ ಪೂರ್ತಿ ಕೇಳಿದ ಮೇಲೇ ಸೀರೆ ಬಿಚ್ಚಿ ತೋರಿಸುತ್ತಿದ್ದರಂತೆ.

ಅಶೋಕಪುರಂನಿಂದ ಮಗಳ ಮದುವೆಗೆ ಜವಳಿ ತೆಗೆಯಲು ಬಂದಿದ್ದ ಒಬ್ಬ ಹೆಂಗಸು ಭಾಷಣವನ್ನು ಒಂದು ಸಲವಲ್ಲ, ಎರಡು ಸಲ ಕೇಳಬೇಕಾಯಿತು. ನಡುವೆ ಮರೆತದ್ದರಿಂದ ಸಾಹುಕಾರರು ಮೊದಲಿನಿಂದ ಶುರುಮಾಡಿದ್ದರು. ಆಕೆ ತಾಳ್ಮೆಯಿಂದ ಕೇಳಿ, ಕೊನೆಗೆ ಹೇಳಿದಳಂತೆ: "ಅಲ್ಲಾ ಯಜಮಾನ್ರೇ, ನೀವೇಳಿದ್ದೆಲ್ಲಾ ನಮ್ಗೆ ಒಪ್ಪಿಗೇನೇ. ಈ ನಿಮ್ ಭಾಷಣಾನೂ ನೀರಿಗಾಕುದ್ರೆ ಕುಗ್ಗುತ್ತೋ ಹೆಂಗೆ, ಅದೊಂದ್ ಹೇಳ್ಬುಡಿ."

ಇದನ್ನು ಸಾಹುಕಾರರೇ ನಕ್ಕು ನಕ್ಕು ನನಗೆ ಹೇಳಿದರು. ಅಷ್ಟೇ ಅಲ್ಲ, ಮರುದಿನವೇ ಭಾಷಣವನ್ನು ಅರ್ಧಕ್ಕೆ ಇಳಿಸಿಬಿಟ್ಟರು. ಆಗಲೇ ನಾನು ಹೆದರಬೇಕಿತ್ತು. ಗಿರಾಕಿಯ ಮಾತು ಕೇಳುವವರು ಸೋಲುವುದು ಕಷ್ಟ.

ಹತ್ತಕ್ಕೆ ಆರು

ಮೇಷ್ಟ್ರನ್ನು ಸಿದ್ಧಪಡಿಸುವ ಹೊಣೆಯನ್ನು ನಾನಾಗಿಯೇ ತಲೆಯ ಮೇಲೆ ಹೊತ್ತುಕೊಂಡೆ. ನಾನು ಹೊಸದಾಗಿ ಊರಿಗೆ ಬಂದಾಗ ನನ್ನ ಅರ್ಜಿಗಳನ್ನೆಲ್ಲ ತಿದ್ದಿಕೊಟ್ಟವರು ಅವರು. ದಿನಾ ಸಂಜೆ ಸಂಧ್ಯಾವಂದನೆ ಮುಗಿಸಿಕೊಂಡು ಅವರ ಜಗಲಿಯ ಮೇಲೆ ಕೂರುವುದು, ನಾನು ಸಾಹುಕಾರರಾಗುವುದು, ಅವರನ್ನು ಹಂಗಿಸಿ ಪ್ರಶ್ನೆ ಹಾಕುವುದು, ಅವರು ಉತ್ತರ ಕೊಡುವುದು ಎಂದು ಏರ್ಪಾಡಾಯಿತು.

ಉಪಕಾರ ಮಾಡಿದವರನ್ನು ಹಂಗಿಸುವುದು ನನ್ನಿಂದ ಆಗುವ ಕೆಲಸವಲ್ಲ. ಮೊದಲು ಮನಸ್ಸಿನಲ್ಲಿ ದೇವರಲ್ಲಿ ಕ್ಷಮೆ ಕೇಳಿಕೊಂಡು, ಆಮೇಲೆ ಕೈಮುಗಿದುಕೊಂಡೇ ಕೇಳಿದೆ: "ಹೆಂಗಸರು ಬಂದು ಕೂತರೆ ಮನೆಯಲ್ಲಿ ಅಡಿಗೆ ಮಾಡುವವರು ಯಾರು, ಮೇಷ್ಟ್ರೇ?"

ಮೇಷ್ಟ್ರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿದರು. "ಪ್ರಶ್ನೆ ಪರವಾಗಿಲ್ಲ. ಹತ್ತಕ್ಕೆ ಆರು ಕೊಡಬಹುದು" ಎಂದರು.

ಅಂಕವಲ್ಲ, ಉತ್ತರ ಬೇಕು ಎಂದೆ. ಮತ್ತೊಂದು ಪ್ರಶ್ನೆ ಕೇಳಿದೆ. ಅದಕ್ಕೆ ಏಳು ಕೊಟ್ಟರು. ಹೀಗೆ ಎರಡು ವಾರ ನಡೆಯಿತು. ನಾನು ಒಳ್ಳೆಯ ದರ್ಜೆಯಲ್ಲಿ ಪಾಸಾಗುತ್ತ ಬಂದೆ. ಅವರ ಬಾಯಿಂದ ಒಂದು ಉತ್ತರವೂ ಹೊರಡಲಿಲ್ಲ. ಕೊನೆಗೆ ಅವರೇ ಬೇಸರದಿಂದ ಹೇಳಿದರು: "ಏನು ಮಾಡಲಿ ರಾಯರೇ, ಜೀವಮಾನವೆಲ್ಲ ಪ್ರಶ್ನೆ ಕೇಳಿ ಬದುಕಿದವನು ನಾನು. ಉತ್ತರ ಹೇಳುವುದು ಯಾವಾಗಲೂ ಬೇರೆಯವರ ಕೆಲಸವಾಗಿತ್ತು."

ಪ್ರಸ್ಥಾನ

ಉತ್ತರದ ಆಸೆ ಬಿಟ್ಟು ಭಾಷಣವನ್ನೇ ಗಟ್ಟಿ ಮಾಡಿಸಿದೆ. ಅದರಲ್ಲಿ ಮೂರು ಮಾತು. ಮೊದಲನೆಯದು ಹೆಂಗಸರ ಓದು, ಎರಡನೆಯದು ಮಾಡು ಸೋರುವುದು, ಮೂರನೆಯದು ಪತ್ರಿಕೆಯ ಹಾಳೆ ಹರಿದುಕೊಂಡು ಹೋಗುವವರ ವಿಚಾರ. ಉಳಿದದ್ದು ರಾಹುಕಾಲ ಒಂದೇ.

ಒಳ್ಳೆಯ ಹೊತ್ತಿನಲ್ಲಿ ಪ್ರಯಾಣ ಹೊರಡಲಾಗದಿದ್ದರೆ, ಆ ಹೊತ್ತಿಗೆ ಕೈಚೀಲವನ್ನು ಪಕ್ಕದ ಮನೆಯಲ್ಲಿ ಇಟ್ಟು ಬರುವುದು ನಮ್ಮ ಹಳ್ಳಿಯ ಪದ್ಧತಿ. ಪ್ರಯಾಣ ಆಗಲೇ ಶುರುವಾಯಿತೆಂದು ಲೆಕ್ಕ. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತೇವೆ. ಭಾಷಣಕ್ಕೂ ಹಾಗೇ ಮಾಡಬಾರದೇಕೆ ಎಂದು ನನಗೆ ಹೊಳೆಯಿತು. ಮೊದಲನೆಯ ಮಾತನ್ನು ನಾಲ್ಕೂವರೆಗೆ ಮುಂಚೆ ಮನೆಯ ದೇವರ ಮುಂದೆ ಆಡಿಬಿಡುವುದು, ಮಿಕ್ಕದ್ದನ್ನು ಸಭೆಯಲ್ಲಿ ಮುಂದುವರಿಸುವುದು. ಆಡಿದ್ದನ್ನೇ ಅಲ್ಲಿ ಮತ್ತೆ ಆಡಿದರೆ ರಾಹುಕಾಲದಲ್ಲಿ ಹೊಸದಾಗಿ ಶುರುಮಾಡಿದಂತಾಗುತ್ತದೆ, ಆದ್ದರಿಂದ ಆಡಕೂಡದು. ಮೇಷ್ಟ್ರಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ನನ್ನ ಸಮಾಧಾನಕ್ಕೆ ಒಪ್ಪಿದರು. ನಾನು ಅಷ್ಟಕ್ಕೇ ಬಿಡದೆ, ಸಭೆಯಲ್ಲಿ ಅದನ್ನು ಮತ್ತೆ ಆಡುವುದಿಲ್ಲವೆಂದು ದೇವರ ಮುಂದೆ ಅವರಿಂದ ಭಾಷೆ ತೆಗೆದುಕೊಂಡೆ.

ಆ ಭಾನುವಾರ ನಾಲ್ಕು ಗಂಟೆಗೆ ದೇವರ ಕೋಣೆಯ ಮುಂದೆ ನಿಂತು ಅವರು ಮೊದಲನೆಯ ಮಾತನ್ನು ಆಡಿದರು. ಅಕ್ಷರ ಗೊತ್ತಿದ್ದೂ ಓದಲು ಸಿಗದವರ ಹಸಿವು ಎಂಥದೆಂದು ಹೇಳಿದರು. ಅವರ ಮನೆಯವರು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತು ಕೇಳಿದರು.

ಐದಕ್ಕೆ ಸಭೆ ಸೇರಿತು. ಬೀದಿಯ ಹೆಂಗಸರೆಲ್ಲ ಎದುರು ಮನೆಯ ಜಗಲಿಯಲ್ಲಿ ನಿಂತು ಕಿವಿಗೊಟ್ಟಿದ್ದರು. ಸಾಹುಕಾರರು ಚುಟುಕಾಗಿ, ಚೆನ್ನಾಗಿ ಮಾತಾಡಿ ಕೂತರು. ಮೇಷ್ಟ್ರು ಎದ್ದು ಕೈಮುಗಿದು, ಗಂಭೀರವಾಗಿ ಹೇಳಿದರು: "ಎರಡನೆಯದಾಗಿ, ನಮ್ಮ ಮಾಡು ಸೋರುತ್ತಿದೆ."

ಜನ ಮುಖ ಮುಖ ನೋಡಿಕೊಂಡರು. ಮೊದಲನೆಯದು ಯಾವುದೆಂದು ಕಾರ್ಯದರ್ಶಿಗಳು ಕೇಳಿದರು. ಅದನ್ನು ಆಗಲೇ ಹೇಳಿದ್ದಾಗಿದೆ ಎಂದರು ಮೇಷ್ಟ್ರು. ಯಾರಿಗೆ ಹೇಳಿದಿರಿ ಎಂದು ಹಿಂದಿನಿಂದ ಯಾರೋ ಕೇಳಿದರು. "ದೇವರಿಗೆ" ಎಂದರು. ಸಭೆಯೆಲ್ಲ ಹೋ ಎಂದು ನಕ್ಕಿತು.

"ಮೇಷ್ಟ್ರೇ, ದೇವರಿಗೆ ನಮ್ ಸಂಘದಲ್ಲಿ ಓಟಿಲ್ಲ. ನಮಗೂ ಒಂಚೂರು ಹೇಳಿ" ಎಂದರು ಸಾಹುಕಾರರು.

ಮೇಷ್ಟ್ರು ತಿರುಗಿ ನನ್ನನ್ನು ನೋಡಿದರು. ಆ ನೋಟ ನನಗೆ ಮರೆತಿಲ್ಲ. ಭಾಷೆ ಕೊಟ್ಟವರು ಅವರು; ಬಿಡಿಸಬೇಕಾದವನು ನಾನು. ಗೋಡೆಯ ಗಡಿಯಾರದಲ್ಲಿ ಐದೂ ಇಪ್ಪತ್ತು. ನಾನು ತಲೆ ಅಲ್ಲಾಡಿಸಿ ಬೇಡವೆಂದೆ. ಅವರು ಸೋರುವ ಮಾಡಿನ ವಿಚಾರವನ್ನೇ ಮುಂದುವರಿಸಿದರು. ಎದುರು ಜಗಲಿಯ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋದರು. ಕೈ ಎತ್ತಿಸಿ ಎಣಿಸಿದಾಗ ನಾಲ್ಕೈದು ಕೈಗಳ ಅಂತರದಲ್ಲಿ ಮೇಷ್ಟ್ರು ಸೋತಿದ್ದರು. ಗಡಿಯಾರ ಆರು ಹೊಡೆಯಿತು.

ಹೊರಗೆ ಬರುವಾಗ ಸಾಹುಕಾರರು ನನ್ನನ್ನು ಪಕ್ಕಕ್ಕೆ ಕರೆದು, ಕೋಟಿನ ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು ತೋರಿಸಿದರು. "ರಾಹುಕಾಲ ನನಗೂ ಗೊತ್ತು ಸ್ವಾಮಿ. ದೇವಸ್ಥಾನದಿಂದ ಇದೊಂದು ತಂದು ಜೇಬಿಗೆ ಹಾಕ್ಕೊಂಡಿದ್ರೆ ಸಾಕಿತ್ತು" ಎಂದರು. ಮೊದಲನೆಯ ಮಾತು ಏನಿತ್ತೆಂದು ಕೇಳಿದರು, ಹೇಳಿದೆ. ಅವರ ಮುಖ ಸಣ್ಣಗಾಯಿತು. ತಮ್ಮ ಮನೆಯಲ್ಲೂ ಅದನ್ನೇ ಕೇಳುತ್ತಿದ್ದಾರೆ, ಚರ್ಚೆಯಲ್ಲಿ ಬಂದಿದ್ದರೆ ತಾವು ಒಪ್ಪಿಬಿಡಬಹುದಿತ್ತು, ಈಗ ತಾವಾಗಿಯೇ ಎತ್ತಿದರೆ ಹೆಂಡತಿಯ ಮಾತು ಕೇಳಿ ಕುಣಿಯುತ್ತಾರೆ ಎಂದು ಸಂಘದವರು ಆಡಿಕೊಳ್ಳುತ್ತಾರೆ ಎಂದರು. ಅವರ ಅವಧಿ ಮುಗಿಯುವವರೆಗೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ತಪ್ಪೊಪ್ಪಿಕೊಳ್ಳಲು ಹೋದೆ. ಮೇಷ್ಟ್ರು ಸ್ನಾನಕ್ಕೆ ಹೋಗಿದ್ದರು. ಅವರ ಮನೆಯವರು ಕಾಫಿ ತಂದಿಟ್ಟರು. ಎಲ್ಲ ನನ್ನಿಂದಲೇ ಆಯಿತು ತಾಯಿ, ಆ ಮಾತನ್ನು ಸಭೆಯಲ್ಲಿ ಆಡಗೊಡದೆ ಕೆಡಿಸಿಬಿಟ್ಟೆ ಎಂದೆ. ಅವರು ಸೆರಗು ಸರಿಮಾಡಿಕೊಂಡು, ಬಚ್ಚಲುಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಬಿಡಿ ರಾಯರೇ. ಲಗ್ನವಾಗಿ ಇಷ್ಟು ವರ್ಷವಾಯಿತು, ಅವರು ಮನೆಯಲ್ಲಿ ಬಾಯಿಬಿಟ್ಟು ಅಷ್ಟು ಚೆನ್ನಾಗಿ ಮಾತಾಡಿದ್ದು ನಿನ್ನೆಯೇ ಮೊದಲು."